ಹೊಟ್ಟು, ಹತ್ತಿ ಕಟ್ಟಿಗೆಯಿಂದ ಡೀಸೆಲ್: ಮಿಲ್ ಹಿಂದಿನ ಜಾಗದಾಗ ಆಗೋ ಕೆಲಸ ಏನ್ರಿ ಇದು?

ಸಿಂಧನೂರು_ಮಿಲ್
ಎಲ್ಲರಿಗೂ ನಮಸ್ಕಾರ್ರಿ. ನಮ್ಮದು ಅಕ್ಕಿ ಮಿಲ್. ಬಾಯ್ಲರಿಗೆ ಹಾಕಿ ಉಳಿದ ಹೊಟ್ಟು ಇಟ್ಟಂಗಿ ಭಟ್ಟಿಯವರು ಒಯ್ತಾರ. ಹೋದ ವಾರ ಒಬ್ಬ ಏಜೆಂಟ್ ಬಂದಿದ್ದ. ಅವರದೊಂದು ಮಷಿನ್ ಐತಂತ. ಈ ಕಡೆ ಹೊಟ್ಟು, ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ ಏನು ಹಾಕಿದ್ರೂ ಆ ಕಡೆ ಬಯೋ ಕ್ರೂಡ್, ಅಂದ್ರ ಕಟ್ಟಿಗೆ-ಹೊಟ್ಟಿನಿಂದ ಮಾಡಿದ ಕಚ್ಚಾ ಎಣ್ಣಿ, ಬರ್ತೈತಂತ. ಅದನ್ನ ಒಂದು ಫಿಲ್ಟರ್, ಒಂದು ಡಿಸ್ಟಿಲೇಶನ್ ಕಾಲಮ್ (ಕಾಯಿಸಿ ಬೇರೆ ಬೇರೆ ಮಾಡೋ ಗೋಪುರ) ದಾಟಿಸಿದ್ರ ಟ್ರ್ಯಾಕ್ಟರಿಗೆ, ಲಾರಿಗೆ ಹಾಕೋ ಡೀಸೆಲ್ ಆಗ್ತೈತಿ ಅಂದ. ಮಷಿನ್ ರೇಟು ಇಲ್ಲಿ ಬರೆಯಲ್ಲ, ಒಂದು ಹೊಸ ಹಾರ್ವೆಸ್ಟರ್‌ಗಿಂತ ಜಾಸ್ತಿ ಅನ್ಕೊಳ್ರಿ.

ನನ್ನ ತಮ್ಮ ಬಾಳ ಹುರುಪಿನಾಗ ಅದಾನ. ಅಪ್ಪಾರು ಹೌದೂ ಅನ್ನವಲ್ರು, ಅಲ್ಲಾ ಅನ್ನವಲ್ರು. ತಿಳಿದವರು ಯಾರಾದ್ರೂ ಇದ್ರ ಹೇಳ್ರಿ. ಕ್ರೂಡ್ ಬರೋದು ಖರೆ ಏನು? ಬಂದ್ರ ಅದು ಡೀಸೆಲ್ ಆಗೋದು ಖರೆ ಏನು?

ಜಾಲಿಗಿಡ
ಹೊಟ್ಟು ಹಾಕಿದ್ರೆ ಡೀಸೆಲ್, ಬೂದಿ ಹಾಕಿದ್ರೆ ಬಂಗಾರ. ಆ ಏಜೆಂಟ್‌ನ ಬಳ್ಳಾರಿಗೂ ಕಳಿಸ್ರಿ, ಇಲ್ಲಿ ಬೂದಿಗೆ ಬರಗಾಲ ಇಲ್ಲ.

ಕುಡಿತಿನಿ_ಕೆಮಿಕಲ್
ಯಜಮಾನ್ರೇ, ಮುಂಗಡ ಕೊಟ್ಟಿಲ್ಲ ತಾನೆ? ಕೊಟ್ಟಿಲ್ಲ ಅಂದರೆ ನಿಧಾನಕ್ಕೆ ಓದಿ. ನಾನು ರಿಫೈನರಿಯಲ್ಲಿ ಹೈಡ್ರೋಟ್ರೀಟರ್ (ಹೈಡ್ರೋಜನ್ ಕೊಟ್ಟು ಎಣ್ಣೆಯಿಂದ ಗಂಧಕ ತೆಗೆಯುವ) ಯೂನಿಟ್ ನೋಡಿಕೊಂಡು ನಿವೃತ್ತನಾದವನು.

ಏಜೆಂಟ್ ಹೇಳಿದ ಮೊದಲರ್ಧ ನಿಜ. ಒಣಗಿದ ಕಟ್ಟಿಗೆಯನ್ನು ಪುಡಿ ಮಾಡಿ, ಗಾಳಿ ಸೋಕದಂತೆ 500 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ತಟಕ್ಕನೆ ಕಾಯಿಸಿ, ಏಳುವ ಆವಿಯನ್ನು ಎರಡು ಸೆಕೆಂಡಿನೊಳಗೆ ತಣ್ಣಗೆ ಮಾಡಿದರೆ ಕಪ್ಪು-ಕಂದು ದ್ರವ ಸಿಗುತ್ತದೆ. ಇದಕ್ಕೆ ಫಾಸ್ಟ್ ಪೈರಾಲಿಸಿಸ್ ಅಂತಾರೆ. ಒಳ್ಳೆ ಮರದ ಪುಡಿಯಾದರೆ ತೂಕದಲ್ಲಿ ಶೇ. 60ರಿಂದ 75 ದ್ರವ, ಉಳಿದದ್ದು ಇದ್ದಲಿ ಮತ್ತು ಗ್ಯಾಸ್. ಹೊಟ್ಟಿಗೆ, ಹುಲ್ಲಿಗೆ ಅಷ್ಟು ಬರಲ್ಲ. ಅವುಗಳ ಬೂದಿಯಲ್ಲಿರುವ ಪೊಟ್ಯಾಸಿಯಂ ಆವಿಯನ್ನು ಒಡೆದು ನೀರು, ಗ್ಯಾಸ್ ಮಾಡಿಬಿಡುತ್ತದೆ. ಹೊಟ್ಟಿನಲ್ಲಂತೂ ಐದನೇ ಒಂದು ಭಾಗ ಬರೀ ಬೂದಿ, ಅದರಲ್ಲಿ ಹೆಚ್ಚಿನದು ಸಿಲಿಕಾ. ಸ್ಕ್ರೂ ಕನ್ವೇಯರ್ ಎಷ್ಟು ಬೇಗ ಸವೆಯುತ್ತದೆ ಅಂತ ನಿಮ್ಮ ಬಾಯ್ಲರ್ ಫೈರ್‌ಮನ್‌ನೇ ಕೇಳಿ.

ಎರಡನೇ ಅರ್ಧ ಇದೆಯಲ್ಲ, ಫಿಲ್ಟರ್ ಮತ್ತು ಕಾಲಮ್, ಅದು ಶುದ್ಧ ಸುಳ್ಳು. ನೆಲದಿಂದ ತೆಗೆದ ಕಚ್ಚಾ ತೈಲ ಅಂದರೆ ಮುಖ್ಯವಾಗಿ ಇಂಗಾಲ ಮತ್ತು ಹೈಡ್ರೋಜನ್. ಕಾಯಿಸಿದರೆ ಕುದಿಯುವ ಬಿಂದುವಿಗೆ ತಕ್ಕಂತೆ ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಅಂತ ಬೇರೆ ಬೇರೆ ಬರುತ್ತವೆ. ಈ ದ್ರವದಲ್ಲಿ, ನೀರು ಬಿಟ್ಟು ಲೆಕ್ಕ ಹಾಕಿದರೂ, ತೂಕದ ಶೇ. 35ರಿಂದ 40 ಆಕ್ಸಿಜನ್. ಕಾಲಭಾಗ ಹತ್ತಿರ ಹತ್ತಿರ ನೀರೇ ಇರುತ್ತದೆ. ಅಸಿಟಿಕ್ ಆಮ್ಲ, ಆಲ್ಡಿಹೈಡ್, ಫಿನಾಲ್, ಸಕ್ಕರೆ ಜಾತಿಯವು, ಲಿಗ್ನಿನ್ (ಕಟ್ಟಿಗೆಗೆ ಗಟ್ಟಿತನ ಕೊಡುವ ವಸ್ತು) ತುಂಡುಗಳು, ಹೀಗೆ ನೂರಾರು ಬಗೆ. ಕಾಲಮ್ಮಿಗೆ ಹಾಕಿ ಕಾಯಿಸಿದರೆ ಬೇರ್ಪಡುವ ಬದಲು ಒಂದಕ್ಕೊಂದು ಕೂಡಿಕೊಂಡು ಗಟ್ಟಿಯಾಗುತ್ತವೆ. ಹಾಕಿದ್ದರಲ್ಲಿ ಮೂರನೇ ಒಂದು ಭಾಗದಿಂದ ಅರ್ಧದವರೆಗೂ ತಳದಲ್ಲಿ ಕಲ್ಲಾಗಿ ಕೂರುತ್ತದೆ. ಆಮೇಲೆ ಕಾಲಮ್ ಬಿಚ್ಚೋಕೆ ಗ್ಯಾಸ್ ಕಟರ್ ಬೇಕು.

ಸುಡುವ ಶಕ್ತಿಯೂ ಅಷ್ಟಕ್ಕಷ್ಟೇ. ಡೀಸೆಲ್ ಒಂದು ಕೆಜಿಗೆ 42-43 ಮೆಗಾಜೂಲ್, ಇದು 16ರಿಂದ 19.

ಪಂಪ್_ನಾಝಲ್ (ಗಂಗಾವತಿ)
ಕೆಮಿಕಲ್ ಸರ್ ಹೇಳಿದ್ದು ನಮಗ ಅರ್ಧ ತಿಳೀತು, ಅರ್ಧ ಇಲ್ಲ. ನಮ್ಮ ಕಸುಬಿನ ಮಾತು ಹೇಳ್ತೀನಿ. ಇಂಜಿನ್ನಿನ ಡೀಸೆಲ್ ಪಂಪಿನಾಗ ಎಣ್ಣಿ ಒತ್ತೋ ಪ್ಲಂಜರ್‌ಗೆ ಬೇರೆ ಗ್ರೀಸ್ ಇಲ್ಲ, ಡೀಸೆಲ್ಲೇ ಅದಕ್ಕ ಎಣ್ಣಿ. ಸೀಮಿಎಣ್ಣಿ ಮಿಕ್ಸ್ ಮಾಡಿದ ಡೀಸೆಲ್ ಹಾಕ್ಕೊಂಡು ಬರ್ತಾರಲ್ಲ, ಅವ್ರ ಪಂಪಿನ ಎಲಿಮೆಂಟ್ (ಪ್ಲಂಜರ್ ಜೋಡಿ) ಬಿಚ್ಚಿದ್ರ ಉದ್ದಕ ಗೀರು ಬಿದ್ದಿರ್ತಾವ, ಉಗುರಿಗೆ ತಾಕ್ತಾವ. ಇನ್ನ ನೀರು, ಹುಳಿ ಇರೋದು ಹಾಕಿದ್ರ ಏನಾಗಬಹುದು ಲೆಕ್ಕ ಹಾಕ್ರಿ. ಈಗಿನ ಕಾಮನ್ ರೇಲ್ (ಬಾಳ ಒತ್ತಡದಾಗ ಡೀಸೆಲ್ ಸಿಂಪಡಿಸೋ) ಗಾಡಿ ಅಂದ್ರ ಇನ್ನೂ ಸೂಕ್ಷ್ಮ. ಇಂಜೆಕ್ಟರ್ ಒಂದು ಹೋದ್ರ ಹೊಲದ ಒಂದು ಬೆಳಿ ಹೋದಂಗ.

ಮಾನ್ವಿ_ಹತ್ತಿಹೊಲ
ಸೌಕಾರ್ರ, ನೀವು ಮಷಿನ್ ತಗೋತೀರೋ ಬಿಡ್ತೀರೋ, ಹತ್ತಿ ಕಟ್ಟಿಗಿಗೆ ಏನು ಕೊಡ್ತೀರಿ ಅದನ್ನ ಮೊದಲು ಹೇಳ್ರಿ. ಈಗ ಕೊನೀ ಬಿಡಿಸೋದು ಮುಗದ ಮ್ಯಾಲ ಕಿತ್ತು ಬದುವಿನ ಮ್ಯಾಲ ಹಾಕ್ತೀವಿ. ಸ್ವಲ್ಪ ಮನಿ ಒಲಿಗೆ, ಉಳಿದಿದ್ದಕ್ಕ ಬೆಂಕಿ. ಗುಲಾಬಿ ಕಾಯಿಕೊರಕ ಕಟ್ಟಿಗ್ಯಾಗ ಉಳೀತದ, ಹೊಲದಾಗ ಬಿಡಬ್ಯಾಡ್ರಿ ಅಂತ ಕೃಷಿ ಇಲಾಖೆಯವರೂ ಹೇಳ್ತಾರ. ಯಾರರ ಬಂದು ತುಂಬ್ಕೊಂಡು ಹೋದ್ರ ಅಷ್ಟಾ ಸಾಕಾಗ್ಯದ. ಆದ್ರ ಕೂಲಿ ನಾವೇ ಕೊಡಬೇಕು ಅಂದ್ರ ಬೆಂಕಿನೇ ಅಗ್ಗ.

ರಾಯಚೂರು_ಲ್ಯಾಬ್
ಸಂಶೋಧನಾ ವಿದ್ಯಾರ್ಥಿನಿ. ನನ್ನ ವಿಷಯವೇ ಬೆಳೆ ತ್ಯಾಜ್ಯದ ಪೈರಾಲಿಸಿಸ್, ಹೀಗಾಗಿ ಸುಮ್ಮನಿರಲು ಆಗಲಿಲ್ಲ.

ನಮ್ಮ ಟೇಬಲ್ ಮೇಲೆ ಹತ್ತಿ ಕಟ್ಟಿಗೆಯ ಎಣ್ಣೆಯ ಗಾಜಿನ ಬಾಟಲಿ ಒಂದಿದೆ. ಮುಚ್ಚಳ ತೆಗೆದರೆ ಹೊಗೆ ಹಿಡಿದ ಅಡುಗೆಮನೆಯ ವಾಸನೆ, ಜೊತೆಗೆ ಮೂಗು ಚುಚ್ಚುವ ಹುಳಿ. ಪಿಎಚ್ ಕಾಗದ ಅದ್ದಿದರೆ 2 ಮತ್ತು 3ರ ನಡುವಿನ ಬಣ್ಣ. ಕೈಗೆ ತಾಕಿದರೆ ಹಳದಿ-ಕಂದು ಕಲೆ, ಸೋಪಿಗೆ ಜಗ್ಗಲ್ಲ. ತಂದ ಹೊಸದರಲ್ಲಿ ಸಲೀಸಾಗಿ ಸುರಿಯುತ್ತಿತ್ತು. ಈಗ ಮೇಲೆ ತೆಳ್ಳನೆಯ ನೀರು ನೀರಾದ ಪದರ, ತಳದಲ್ಲಿ ಜೋನಿ ಬೆಲ್ಲದ ಹಾಗೆ ಕಡ್ಡಿಗೆ ಅಂಟುವ ಕಪ್ಪು ಮುದ್ದೆ. ಯಾರೂ ಮುಟ್ಟಿಲ್ಲ, ಕಾಯಿಸಿಲ್ಲ, ಸುಮ್ಮನೆ ಕಪಾಟಿನಲ್ಲಿತ್ತು. ರಾಯಚೂರಿನ ಬೇಸಿಗೆ ಕಪಾಟಿನೊಳಗೂ ಬೇಸಿಗೆಯೇ ಅನ್ನಿ.

ಡೀಸೆಲ್ ಜೊತೆ ಬೆರೆಸಿ ನೋಡಿದೆವು. ಜೋರಾಗಿ ಕುಲುಕಿ ಇಟ್ಟರೂ ಸ್ವಲ್ಪ ಹೊತ್ತಿನಲ್ಲಿ ಡೀಸೆಲ್ ಮೇಲೆ, ಇದು ಕೆಳಗೆ. ಇದರ ಸಾಂದ್ರತೆ 1.2, ನೀರಿಗಿಂತ ಭಾರ.

ಮಿಲ್‌ನ ಅಣ್ಣಾವ್ರಿಗೆ ಒಂದು ಸಲಹೆ. ಏಜೆಂಟ್ ಹತ್ತಿರ ಅವರ ಎಣ್ಣೆಯನ್ನು 80 ಡಿಗ್ರಿಯಲ್ಲಿ 24 ಗಂಟೆ ಇಟ್ಟು, ಮೊದಲು ಎಷ್ಟು ಮಂದ ಇತ್ತು, ಆಮೇಲೆ ಎಷ್ಟಾಯಿತು ಅಂತ ರಿಪೋರ್ಟ್ ಕೇಳಿ. ಒಂದು ವರ್ಷ ಡ್ರಮ್ಮಿನಲ್ಲಿಟ್ಟರೆ ಆಗುವ ಬದಲಾವಣೆಯನ್ನು ಅಂದಾಜು ಮಾಡಲು ಲ್ಯಾಬಿನವರು ಬಳಸುವ ಪರೀಕ್ಷೆ ಅದು. ಜೊತೆಗೆ ನೀರಿನ ಪ್ರಮಾಣ, ಆಮ್ಲೀಯತೆ, ಬೂದಿ. ಈ ನಾಲ್ಕೂ ಇಲ್ಲದ ರಿಪೋರ್ಟ್ ರಿಪೋರ್ಟೇ ಅಲ್ಲ.

ಸಿಂಧನೂರು_ಮಿಲ್
ಬಾಳ ಉಪಕಾರ ಆತು ತಂಗಿ. ಕೆಮಿಕಲ್ ಸರ್, ಹಂಗಾದ್ರ ಪ್ರಪಂಚದಾಗ ಯಾರೂ ಇದನ್ನ ಡೀಸೆಲ್ ಮಾಡೇ ಇಲ್ಲೇನ್ರಿ? ನನ್ನ ತಮ್ಮ 2018ರಾಗ ಡೆಹ್ರಾಡೂನ್‌ನಿಂದ ದಿಲ್ಲಿಗೆ ಬಯೋ ಇಂಧನದಾಗ ವಿಮಾನ ಹಾರಿಸಿದ್ದು ತೋರಿಸಿ ನನ್ನ ಬಾಯಿ ಮುಚ್ಚಿಸಾಕ ಹತ್ಯಾನ.

ಕುಡಿತಿನಿ_ಕೆಮಿಕಲ್
ನಿಮ್ಮ ತಮ್ಮ ಹೇಳಿದ್ದು ಸರಿ, ಆದರೆ ಅದು ಬೇರೆ ಗಾಡಿ, ಬೇರೆ ರಸ್ತೆ. 2018ರ ಆಗಸ್ಟ್‌ನಲ್ಲಿ ಹಾರಿದ್ದು ಜತ್ರೋಫಾ ಬೀಜದ ಎಣ್ಣೆಯಿಂದ ಡೆಹ್ರಾಡೂನ್‌ನ ಭಾರತೀಯ ಪೆಟ್ರೋಲಿಯಂ ಸಂಸ್ಥೆ ಮಾಡಿದ ಇಂಧನ, ಅದೂ ಮಾಮೂಲಿ ಇಂಧನದ ಜೊತೆ ಬೆರೆಸಿ. ಬೀಜದ ಎಣ್ಣೆಯ ಕಣದಲ್ಲಿ ಉದ್ದನೆಯ ಇಂಗಾಲದ ಸರಪಳಿ ಸಿದ್ಧವಾಗೇ ಇರುತ್ತದೆ, ಆಕ್ಸಿಜನ್ ಶೇ. 11ರಷ್ಟು. ಅದನ್ನು ಕಿತ್ತರೆ ನೇರ ಡೀಸೆಲ್ ಅಥವಾ ವಿಮಾನದ ಇಂಧನ. ನಿಮ್ಮ ಮಿಲ್‌ನ ತೌಡಿನ ಎಣ್ಣೆಯೂ ಆ ಜಾತಿಯದೇ. ಕಟ್ಟಿಗೆ ಎಣ್ಣೆಗೂ ಅದಕ್ಕೂ ಅಜಗಜಾಂತರ.

ಇನ್ನು ಕಟ್ಟಿಗೆ ಎಣ್ಣೆಯನ್ನು ಡೀಸೆಲ್ ಮಾಡೋದು. ಮಾಡಬಹುದು, ಮಾಡಿದ್ದಾರೆ. ಆಕ್ಸಿಜನ್ ಹೊರಗೆ ಹಾಕಬೇಕು. ಅದು ಹೋಗುವ ದಾರಿಗಳು ಕೆಲವೇ. ಹೈಡ್ರೋಜನ್ ಕೊಟ್ಟರೆ ನೀರಾಗಿ ಹೋಗುತ್ತದೆ. ಕೊಡದಿದ್ದರೆ ಇಂಗಾಲವನ್ನೇ ಕಿತ್ತುಕೊಂಡು ಇಂಗಾಲದ ಡೈಆಕ್ಸೈಡ್, ಮಾನಾಕ್ಸೈಡ್ ಆಗಿ ಹೋಗುತ್ತದೆ, ಅಂದರೆ ನಿಮಗೆ ಬೇಕಾದ ಮಾಲೇ ಚಿಮಣಿಯಲ್ಲಿ ಹಾರಿತು.

ಲೆಕ್ಕ ಹಾಕೋಣ. 100 ಕೆಜಿ ಎಣ್ಣೆ ತಗೊಳ್ಳಿ. 25 ಕೆಜಿ ನೀರು ಬಿಟ್ಟರೆ 75 ಉಳಿಯಿತು. ಅದರಲ್ಲಿ ಆಕ್ಸಿಜನ್ ಹತ್ತಿರ ಹತ್ತಿರ 27 ಕೆಜಿ. 16 ಕೆಜಿ ಆಕ್ಸಿಜನ್ ನೀರಾಗಲು 2 ಕೆಜಿ ಹೈಡ್ರೋಜನ್ ಬೇಕು, ಹಾಗಾಗಿ 27ಕ್ಕೆ 3.4 ಕೆಜಿ. ಇಂಗಾಲದ ಜೋಡಿ ಬಂಧಗಳು ತುಂಬಿಕೊಳ್ಳಲು ಇನ್ನೊಂದಿಷ್ಟು ಸೇರಿಸಿ 4 ಕೆಜಿ ಅನ್ನೋಣ. ಎಲ್ಲಾ ಚೆನ್ನಾಗಿ ನಡೆದರೆ ಕೊನೆಗೆ ಕೈಗೆ ಬರೋದು 30ರಿಂದ 40 ಕೆಜಿ ಇಂಧನ. ಒಂದು ಟನ್ ಒಣ ಹತ್ತಿ ಕಟ್ಟಿಗೆಯಿಂದ 550 ಕೆಜಿ ಎಣ್ಣೆ ಬಂತು ಅಂತ ಇಟ್ಟುಕೊಂಡರೂ ಇಂಧನ 165ರಿಂದ 220 ಕೆಜಿ, ಲೀಟರ್ ಲೆಕ್ಕದಲ್ಲಿ 200ರಿಂದ 270. ಅದರಲ್ಲೂ ಎಲ್ಲ ಡೀಸೆಲ್ ಅಲ್ಲ, ಒಂದು ಪಾಲು ಪೆಟ್ರೋಲ್ ಕಡೆಯದು.

ಇದು ನಡೆಯೋದು ಎಲ್ಲಿ? ಹೈಡ್ರೋಜನ್ ಒತ್ತಡ 100ರಿಂದ 200 ಬಾರ್. ನಿಮ್ಮ ಮಿಲ್ ಬಾಯ್ಲರ್ 10 ಬಾರ್ ಸುಮಾರಿನದು, ಅದಕ್ಕೇ ಇನ್‌ಸ್ಪೆಕ್ಟರ್ ಬಂದು ಸರ್ಟಿಫಿಕೇಟ್ ಕೊಡಬೇಕು. ಇದಕ್ಕೆ ಕ್ರೋಮಿಯಂ-ಮಾಲಿಬ್ಡಿನಂ ಉಕ್ಕಿನ ದಪ್ಪ ಗೋಡೆಯ ರಿಯಾಕ್ಟರ್ ಬೇಕು. ಬಿಸಿಯಲ್ಲಿ ಹೈಡ್ರೋಜನ್ ಮಾಮೂಲಿ ಉಕ್ಕಿನೊಳಗೆ ನುಗ್ಗಿ ಅದನ್ನೇ ಬಿರುಕು ಬಿಡಿಸುತ್ತದೆ. ಸೋರಿದರೆ ಹೈಡ್ರೋಜನ್ ಜ್ವಾಲೆ ಹಗಲಲ್ಲಿ ಕಣ್ಣಿಗೂ ಸರಿಯಾಗಿ ಕಾಣಲ್ಲ. ನಮ್ಮ ಯೂನಿಟ್ಟಿನಲ್ಲಿ ಫ್ಲೇಂಜ್ ಸೋರಿಕೆ ಹುಡುಕುವ ಹುಡುಗರನ್ನು ನೋಡಿದ್ದರೆ ಇದನ್ನು ಅಕ್ಕಿ ಮಿಲ್ ಆವರಣದಲ್ಲಿ ಇಡುವ ಮಾತು ಯಾರೂ ಆಡಲ್ಲ.

ಅಷ್ಟು ಮಾಡಿದರೂ ಒಂದೇ ಸಲಕ್ಕೆ ಆಗಲ್ಲ. ನೇರ 350 ಡಿಗ್ರಿಗೆ ಏರಿಸಿದರೆ ಎಣ್ಣೆ ಹೈಡ್ರೋಜನ್ ತಗೊಳ್ಳುವ ಮೊದಲೇ ಕೋಕ್ (ಗಟ್ಟಿ ಇಂಗಾಲ) ಆಗಿ ರಿಯಾಕ್ಟರ್ ಕಟ್ಟಿಕೊಳ್ಳುತ್ತದೆ. ಅದಕ್ಕೇ ಎರಡು ಹಂತ. ಮೊದಲು 150ರಿಂದ 280 ಡಿಗ್ರಿಯೊಳಗೆ, ರುಥೇನಿಯಂನಂಥ ಕ್ಯಾಟಲಿಸ್ಟ್ (ತಾನು ಖರ್ಚಾಗದೆ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು) ಇಟ್ಟು, ಕಿರಿಕಿರಿ ಮಾಡುವ ಆಲ್ಡಿಹೈಡ್, ಸಕ್ಕರೆಗಳನ್ನು ಸಮಾಧಾನ ಮಾಡಬೇಕು. ಆಮೇಲೆ 350-400 ಡಿಗ್ರಿಯಲ್ಲಿ ನಿಕ್ಕಲ್-ಮಾಲಿಬ್ಡಿನಂ ಅಥವಾ ಕೋಬಾಲ್ಟ್-ಮಾಲಿಬ್ಡಿನಂ ಸಲ್ಫೈಡ್. ತಮಾಷೆ ಏನು ಗೊತ್ತಾ? ಪೆಟ್ರೋಲಿಯಂನಿಂದ ಗಂಧಕ ತೆಗೆಯಲೆಂದೇ ಹುಟ್ಟಿದ ಕ್ಯಾಟಲಿಸ್ಟ್ ಇದು. ಕಟ್ಟಿಗೆ ಎಣ್ಣೆಯಲ್ಲಿ ಗಂಧಕ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಕ್ಯಾಟಲಿಸ್ಟ್ ಸಲ್ಫೈಡ್ ಆಗಿಯೇ ಉಳಿಯಲೆಂದು ಹೊರಗಿನಿಂದ ಗಂಧಕದ ಸಂಯುಕ್ತ ಸೇರಿಸಬೇಕಾಗುತ್ತದೆ. ಬೂದಿಯ ಪೊಟ್ಯಾಸಿಯಂ ಬಂದು ಕೂತರಂತೂ ಕ್ಯಾಟಲಿಸ್ಟಿನ ಕಥೆ ಮುಗಿಯಿತು.

ಕೊಪ್ಪಳ_ಗಾಳಿ
ಸರ್, ಹೈಡ್ರೋಜನ್ ಸಮಸ್ಯೆ ಅಂದ್ರೆ ನಮ್ಮ ಯಲಬುರ್ಗಾ, ಕುಕನೂರು ಕಡೆ ಬನ್ನಿ. ಗುಡ್ಡದ ಮೇಲೆಲ್ಲ ಗಾಳಿಯಂತ್ರ. ಆ ಕರೆಂಟಿನಿಂದ ನೀರು ಒಡೆದು ಹೈಡ್ರೋಜನ್ ಮಾಡಿ ಇದಕ್ಕೆ ಕೊಟ್ಟರೆ ಹಸಿರು ಡೀಸೆಲ್ ಆಗಲ್ವಾ? ಕಟ್ಟಿಗೆನೂ ಇಲ್ಲೇ, ಗಾಳಿನೂ ಇಲ್ಲೇ.

ಕುಡಿತಿನಿ_ಕೆಮಿಕಲ್
ತಮ್ಮಾ, ಆಸೆ ಒಳ್ಳೇದೇ. ಒಂದು ಕೆಜಿ ಹೈಡ್ರೋಜನ್‌ಗೆ 50ರಿಂದ 55 ಯೂನಿಟ್ ಕರೆಂಟ್. ದಿನಕ್ಕೆ 50 ಟನ್ ಎಣ್ಣೆ ಸುಧಾರಿಸುವ ಪುಟ್ಟ ಘಟಕಕ್ಕೆ 2 ಟನ್ ಹೈಡ್ರೋಜನ್, ಅಂದರೆ ಒಂದು ಲಕ್ಷ ಯೂನಿಟ್ ಮೇಲೆ, ಹಗಲು ರಾತ್ರಿ ಬಿಡದೆ 4 ಮೆಗಾವ್ಯಾಟ್‌ಗಿಂತ ಜಾಸ್ತಿ. ಗಾಳಿ ಆಷಾಢದಲ್ಲಿ ಬೀಸಿದಷ್ಟು ಸುಗ್ಗಿಯಲ್ಲಿ ಬೀಸಲ್ಲ, ಹತ್ತಿ ಕಟ್ಟಿಗೆ ಬರೋದು ಸುಗ್ಗಿ ಕಳೆದ ಮೇಲೆ. ಆಗಲ್ಲ ಅಂತ ನಾನು ಹೇಳ್ತಿಲ್ಲ. ಲೀಟರಿನ ರೇಟು ಏನಾಗುತ್ತೆ ಅಂತ ನೀನೇ ಕೂತು ಲೆಕ್ಕ ಮಾಡು.

ಅದಕ್ಕಿಂತ ಹತ್ತಿರದ ದಾರಿ ನಮ್ಮ ಬಳ್ಳಾರಿಯಲ್ಲೇ ಇದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕೋಕ್ ಓವನ್‌ಗಳಿವೆ. ಕಲ್ಲಿದ್ದಲನ್ನು ಕೋಕ್ ಮಾಡುವಾಗ ಬರುವ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು, ಶೇ. 55-60ರಷ್ಟು, ಹೈಡ್ರೋಜನ್ನೇ. ಉಳಿದದ್ದರಲ್ಲಿ ಮೀಥೇನ್ ದೊಡ್ಡ ಪಾಲು. ಗಂಧಕ, ಟಾರ್ ತೆಗೆದು ಸೋಸಿದರೆ ಬೇಕಾದ ಹೈಡ್ರೋಜನ್ ಅಲ್ಲೇ. ಇಂಥ ಕಾರ್ಖಾನೆಗಳು ಆ ಗ್ಯಾಸನ್ನು ಸುಮ್ಮನೆ ಹಾರಿಬಿಡಲ್ಲ, ಒಳಗೇ ಕುಲುಮೆಗೆ, ವಿದ್ಯುತ್ತಿಗೆ ಉರಿಸುತ್ತವೆ. ತೆಗೆದಷ್ಟಕ್ಕೆ ಬದಲಿ ಇಂಧನ ಕೊಡಬೇಕು. ಆದರೂ ದೇಶದಲ್ಲಿ ಕಟ್ಟಿಗೆ, ಹೈಡ್ರೋಜನ್, ಒತ್ತಡದ ಯಂತ್ರ ನಡೆಸಲು ಬಲ್ಲ ಜನ, ಈ ಮೂರೂ ಐವತ್ತು-ನೂರು ಕಿಲೋಮೀಟರಿನೊಳಗೆ ಸಿಗುವ ಜಾಗ ಬಹಳ ಇಲ್ಲ. ಇದು ನನ್ನ ಹಳೇ ಹಟ. ಕೇಳಿದವರೆಲ್ಲ ತಲೆ ಆಡಿಸಿ ಟೀ ಕುಡಿದು ಹೋಗ್ತಾರೆ.

ಜಾಲಿಗಿಡ
ತಲೆ ಆಡಿಸದೆ ಒಂದು ಮಾತು ಹೇಳ್ತೀನಿ ಸರ್. ಕಟ್ಟಿಗೆ ಬೇಕು ಅಂದ್ರೆ ಹತ್ತಿ ಹೊಲಕ್ಕೆ ಯಾಕೆ ಹೋಗ್ತೀರಿ, ಬಳ್ಳಾರಿ ಜಾಲಿ ಇದೆಯಲ್ಲ. ಕೆರೆ ಅಂಗಳ, ಕಾಲುವೆ ದಂಡೆ, ಪಾಳು ಹೊಲ, ಎಲ್ಲಿ ನೋಡಿದ್ರೂ ಅದೇ. ಕಡಿದ್ರೆ ಮತ್ತೆ ಚಿಗುರ್ತದೆ. ಗಟ್ಟಿ ಕಟ್ಟಿಗೆ, ಬೂದಿ ಕಡಿಮೆ. ಇದ್ದಲಿ ಸುಡೋರು ಸುಮ್ಮನೆ ಅದನ್ನ ಆರಿಸ್ಕೊಂಡಿಲ್ಲ.

ರಾಯಚೂರು_ಲ್ಯಾಬ್
ಜಾಲಿಗಿಡ ಅವರ ಮಾತಿಗೆ ನನ್ನ ಓಟು. ಭತ್ತದ ಹುಲ್ಲಿಗೂ ಜಾಲಿ ಕಟ್ಟಿಗೆಗೂ ಪೈರಾಲಿಸಿಸ್‌ನಲ್ಲಿ ಹೋಲಿಕೆಯೇ ಇಲ್ಲ. ಹುಲ್ಲನ್ನು ನೀರಲ್ಲಿ ತೊಳೆದು ಪೊಟ್ಯಾಸಿಯಂ ತೆಗೆದರೆ ಎಣ್ಣೆ ಹೆಚ್ಚುತ್ತದೆ, ಆಮೇಲೆ ಒಣಗಿಸುವ ಖರ್ಚು ಆ ಲಾಭ ತಿಂದು ಹಾಕುತ್ತದೆ.

ಆದರೆ ಜಾಲಿ ಮುಳ್ಳು ಕಡಿಯೋರು ಯಾರು, ಹೊರೋರು ಯಾರು? ಅದನ್ನೇ ನಂಬಿ ಇದ್ದಲಿ ಸುಟ್ಟು ಬದುಕುವ ಕುಟುಂಬಗಳಿವೆ. ದೊಡ್ಡ ಘಟಕ ಬಂದು ಕಟ್ಟಿಗೆಗೆ ರೇಟು ಕಟ್ಟಿದ ದಿನ ಅವರ ಒಲೆಗೂ, ಹಳ್ಳಿಯ ಹೆಂಗಸರ ಒಲೆಗೂ ಕಟ್ಟಿಗೆ ದುಬಾರಿ. ನಮ್ಮ ಪೇಪರ್‌ಗಳಲ್ಲಿ ಇದನ್ನೆಲ್ಲ 'ಹೆಚ್ಚುವರಿ ತ್ಯಾಜ್ಯ' ಅಂತ ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗ್ತೀವಿ.

ಮಾನ್ವಿ_ಹತ್ತಿಹೊಲ
ಮೇಡಂ ಖರೇ ಹೇಳಿದ್ರಿ. ನಮ್ಮವ್ವ ಈಗಲೂ ಗ್ಯಾಸ್ ಇದ್ರೂ ರೊಟ್ಟಿಗೆ ಹತ್ತಿ ಕಟ್ಟಿಗೀನ ಬೇಕು ಅಂತಾಳ.

ಹೊಸಬ_ಹೊಸಪೇಟೆ
ತುಂಗಭದ್ರಾ ಡ್ಯಾಂ ನೀರು ಒಮ್ಮೊಮ್ಮೆ ಪಾಚಿಯಿಂದ ಹಸಿರಾಗುತ್ತಲ್ಲ, ಆ ಪಾಚಿಯಿಂದ ಕ್ರೂಡ್ ಮಾಡಬಹುದು ಅಂತ ಎಲ್ಲೋ ಓದಿದ್ದೆ. ಅದಕ್ಕೆ ಒಣಗಿಸೋದೂ ಬೇಡವಂತೆ?

ರಾಯಚೂರು_ಲ್ಯಾಬ್
ಓದಿದ್ದು ಸರಿ. ಅದು ಇನ್ನೊಂದು ವಿಧಾನ, ಹೈಡ್ರೋಥರ್ಮಲ್ ಲಿಕ್ವಿಫ್ಯಾಕ್ಷನ್. ಹಸಿ ವಸ್ತುವನ್ನು ನೀರಿನ ಸಮೇತ 300-350 ಡಿಗ್ರಿಗೆ, 100ರಿಂದ 200 ಬಾರ್ ಒತ್ತಡದಲ್ಲಿ ಬೇಯಿಸುವುದು. ಬರುವ ಕ್ರೂಡ್ ಪೈರಾಲಿಸಿಸ್ ಎಣ್ಣೆಗಿಂತ ಎಷ್ಟೋ ಮೇಲು, ಆಕ್ಸಿಜನ್ ಶೇ. 10ರಿಂದ 20, ಶಕ್ತಿ ಕೆಜಿಗೆ 30 ಮೆಗಾಜೂಲ್ ದಾಟುತ್ತದೆ. ಆದರೆ ಪಾಚಿಯಲ್ಲಿ ಪ್ರೋಟೀನ್ ಇರುವುದರಿಂದ ಸಾರಜನಕ ಎಣ್ಣೆಯೊಳಗೆ ಬಂದು ಸೇರುತ್ತದೆ. ಅದನ್ನು ಬಿಡಿಸಲು ಮತ್ತೆ ಹೈಡ್ರೋಜನ್, ಮತ್ತೆ ಕ್ಯಾಟಲಿಸ್ಟ್. ಡ್ಯಾಂ ನೀರು ಕಣ್ಣಿಗೆ ಎಷ್ಟೇ ಹಸಿರು ಕಂಡರೂ ಲೀಟರಿಗೆ ಸಿಗುವ ಒಣ ಪಾಚಿ ಬಹಳ ಕಡಿಮೆ, ಸೋಸುವುದರಲ್ಲೇ ಸುಸ್ತು. ಊರಿನ ಒಳಚರಂಡಿ ಕೆಸರಿಗೆ ಈ ವಿಧಾನ ಹೆಚ್ಚು ಹೊಂದುತ್ತದೆ ಅಂತ ನನಗನ್ನಿಸುತ್ತೆ.

ಕೊಪ್ಪಳ_ಗಾಳಿ
ಇಷ್ಟೆಲ್ಲ ಕಷ್ಟ ಅಂದ್ರೆ ಹೊರದೇಶದಲ್ಲಿ ಹೇಗೆ ನಡೆಸ್ತಿದಾರೆ? ನಡೆಸ್ತಿದಾರಾ?

ಕುಡಿತಿನಿ_ಕೆಮಿಕಲ್
ನಡೆಸಿ ಮುಳುಗಿದವರೂ ಇದ್ದಾರೆ, ದಡ ಸೇರಿದವರೂ ಇದ್ದಾರೆ.

ಮುಳುಗಿದ್ದು ಕಿಯಾರ್. ಅಮೆರಿಕದ ಮಿಸಿಸಿಪಿ ರಾಜ್ಯದ ಕೊಲಂಬಸ್ ಊರಿನಲ್ಲಿ ಪೈನ್ ಮರದ ಚಕ್ಕೆಯಿಂದ ಪೆಟ್ರೋಲ್, ಡೀಸೆಲ್ ಮಾಡುವ ಕಾರ್ಖಾನೆ. ರಾಜ್ಯ ಸರ್ಕಾರ 7.5 ಕೋಟಿ ಡಾಲರ್ ಬಡ್ಡಿಯಿಲ್ಲದ ಸಾಲ ಕೊಟ್ಟಿತ್ತು. 2013ರಲ್ಲಿ ಮೊದಲ ಟ್ಯಾಂಕರ್ ಹೊರಟಿತು, 2014ರ ನವೆಂಬರ್‌ಗೆ ದಿವಾಳಿ ಅರ್ಜಿ. ಒಂದು ಟನ್ ಮರಕ್ಕೆ ಇಷ್ಟು ಇಂಧನ ಬರುತ್ತೆ ಅಂತ ಹೇಳಿಕೊಂಡಿದ್ದಕ್ಕೂ ನಿಜಕ್ಕೂ ತಾಳೆಯಾಗಲಿಲ್ಲ. 2016ರಲ್ಲಿ ಅಲ್ಲಿನ ಷೇರುಪೇಟೆ ನಿಯಂತ್ರಕರು, ಇಳುವರಿಯ ಬಗ್ಗೆ ಹೂಡಿಕೆದಾರರನ್ನು ದಾರಿ ತಪ್ಪಿಸಿದ್ದಾರೆ ಅಂತ ಕೇಸು ಹಾಕಿದರು. ದೊಡ್ಡ ದೊಡ್ಡ ಹೂಡಿಕೆದಾರರು, ಪಿಎಚ್‌ಡಿ ಮಾಡಿದವರು ಇದ್ದ ಕಂಪನಿ ಅದು. ನಿಮ್ಮ ಏಜೆಂಟ್ ಯಾವ ಲೆಕ್ಕ?

ದಡ ಸೇರಿದ ದಾರಿ ಸ್ವೀಡನ್ನಿನದು. ಯೆವ್ಲೆ ಹತ್ತಿರದ ಒಂದು ಸಾಮಿಲ್ ಪಕ್ಕದಲ್ಲೇ ಪೈರೋಸೆಲ್ ಅನ್ನುವ ಘಟಕ 2021ರಲ್ಲಿ ಶುರುವಾಯಿತು. ಗರಗಸದ ಪುಡಿಯಿಂದ ಎಣ್ಣೆ ಮಾತ್ರ ಮಾಡ್ತಾರೆ, ಅಷ್ಟೇ. ಸುಧಾರಿಸುವ ಗೋಜಿಗೇ ಹೋಗಲ್ಲ. ಎಣ್ಣೆ ಲೂಸೆಶಿಲ್‌ನ ಪ್ರೀಮ್ ರಿಫೈನರಿಗೆ ಹೋಗುತ್ತದೆ. ಅಲ್ಲಿ ದೊಡ್ಡ ಕ್ರ್ಯಾಕಿಂಗ್ (ಭಾರದ ಎಣ್ಣೆಯನ್ನು ಹಗುರ ಇಂಧನವಾಗಿ ಒಡೆಯುವ) ಯೂನಿಟ್ಟಿನಲ್ಲಿ ಪೆಟ್ರೋಲಿಯಂ ಜೊತೆ ಸಣ್ಣ ಪ್ರಮಾಣದಲ್ಲಿ ಸೇರಿಸಿ ಒಡೀತಾರೆ. ಆ ಯೂನಿಟ್ಟಿನಲ್ಲಿ ಕೋಕ್ ಕೂರುವುದು ಮಾಮೂಲು, ಕ್ಯಾಟಲಿಸ್ಟನ್ನು ಕ್ಷಣ ಕ್ಷಣಕ್ಕೂ ಹೊರತೆಗೆದು ಕೋಕ್ ಸುಟ್ಟು ವಾಪಸ್ ಕಳಿಸುವ ವ್ಯವಸ್ಥೆ ಅದರಲ್ಲೇ ಇದೆ. ಬೇರೆಯಾಗಿ ಹೈಡ್ರೋಜನ್ ತುಂಬುವ ಕೆಲಸವೂ ಅಲ್ಲಿಲ್ಲ. ಬ್ರೆಜಿಲ್‌ನಲ್ಲಿ ಪೆಟ್ರೋಬ್ರಾಸ್‌ನವರು ಶೇ. 5-10ರವರೆಗೆ ಸೇರಿಸಿ ಪರೀಕ್ಷಿಸಿದ್ದಾರೆ.

ನಮ್ಮಲ್ಲೂ ಬೆಂಗಳೂರಿನ ಶೆಲ್ ತಂತ್ರಜ್ಞಾನ ಕೇಂದ್ರದಲ್ಲಿ ದಿನಕ್ಕೆ 5 ಟನ್ ಬಯೋಮಾಸ್ (ಕಟ್ಟಿಗೆ, ಬೆಳೆ ತ್ಯಾಜ್ಯದಂಥದು) ತಗೊಳ್ಳುವ ಪ್ರಾತ್ಯಕ್ಷಿಕೆ ಘಟಕ ಕಟ್ಟಿದರು. ಅದರ ಉಪಾಯ ಬೇರೆ. ಎಣ್ಣೆ ಆದ ಮೇಲೆ ರಿಪೇರಿ ಮಾಡೋದಲ್ಲ, ಆವಿ ಏಳುವಾಗಲೇ ಹೈಡ್ರೋಜನ್ ಮತ್ತು ಕ್ಯಾಟಲಿಸ್ಟ್ ಇಟ್ಟಿರೋದು. ಕೆಡುವ ಎಣ್ಣೆ ಹುಟ್ಟೋದೇ ಇಲ್ಲ. ಬೇಕಾದ ಹೈಡ್ರೋಜನ್ ಅದೇ ಘಟಕದ ಗ್ಯಾಸಿನಿಂದ. ನನ್ನ ಕೇಳಿದರೆ ಇವೆಲ್ಲದರಲ್ಲಿ ಜಾಣ ರಸಾಯನ ಅದೇ. ಹಾಗಂತ ಅದೂ ಸಣ್ಣ ಮಿಲ್‌ನ ವಸ್ತು ಅಲ್ಲ.

ಯಜಮಾನ್ರೇ, ಸ್ವೀಡನ್ ಕಥೆಯಲ್ಲಿ ನಿಮಗೆ ಹೊಂದುವ ಒಂದೇ ಸಂಗತಿ ಇದೆ. ಸಾಮಿಲ್‌ನಲ್ಲಿ ಪುಡಿ ಒಂದೇ ಕಡೆ ಗುಡ್ಡೆ ಬಿದ್ದಿರುತ್ತೆ, ಹೊಲ ಹೊಲ ತಿರುಗಬೇಕಿಲ್ಲ. ನಿಮ್ಮ ಹೊಟ್ಟೂ ಹಾಗೇ. ಆದರೆ ಅವರ ಪುಡಿಯಲ್ಲಿ ಬೂದಿ ಶೇ. 1ಕ್ಕಿಂತ ಕಡಿಮೆ, ನಿಮ್ಮದರಲ್ಲಿ 20.

ಮಾನ್ವಿ_ಹತ್ತಿಹೊಲ
ಪಾಣಿಪತ್‌ನಾಗ ಭತ್ತದ ಹುಲ್ಲಿಲೆ ಎಥನಾಲ್ ಮಾಡ್ತಾರಲ್ರಿ, ಅದು ಇದಕ್ಕಿಂತ ಚಲೋ ಅಲ್ಲೇನು?

ಕುಡಿತಿನಿ_ಕೆಮಿಕಲ್
2022ರ ಆಗಸ್ಟ್‌ನಲ್ಲಿ ಉದ್ಘಾಟನೆಯಾದ ಇಂಡಿಯನ್ ಆಯಿಲ್ ಘಟಕ. ವರ್ಷಕ್ಕೆ 2 ಲಕ್ಷ ಟನ್ ಹುಲ್ಲಿಗೆ 3 ಕೋಟಿ ಲೀಟರ್ ಎಥನಾಲ್ ಅಂತ ಗುರಿ. ಭಾಗಿಸಿದರೆ ಟನ್ನಿಗೆ 150 ಲೀಟರ್. ವೆಚ್ಚ 900 ಕೋಟಿ ರೂಪಾಯಿ ಮೇಲೆ. ಎಥನಾಲ್ ಪೆಟ್ರೋಲಿಗೆ ಬೆರೆಯುತ್ತೆ, ನಿಮ್ಮ ಟ್ರ್ಯಾಕ್ಟರಿಗೆ ಅಲ್ಲ.

ರಾಯಚೂರಿನವರಿಗೆ ಹತ್ತಿರದ ಗಿರಾಕಿ ಬೇರೆ ಇದೆ. ಕಲ್ಲಿದ್ದಲಿನ ಜೊತೆ ಶೇ. 5ರಷ್ಟು ಬಯೋಮಾಸ್ ಪೆಲೆಟ್ ಸುಡಬೇಕು ಅಂತ ಉಷ್ಣ ವಿದ್ಯುತ್ ಸ್ಥಾವರಗಳಿಗೆ ಕೇಂದ್ರದ ನಿಯಮ 2024-25ರಿಂದ ಬಂದಿದೆ. ಶಕ್ತಿನಗರದ್ದೇ 1,720 ಮೆಗಾವ್ಯಾಟ್. ಹತ್ತಿ ಕಟ್ಟಿಗೆ ಪುಡಿ ಮಾಡಿ ಒತ್ತಿದರೆ ಪೆಲೆಟ್. ಹೈಡ್ರೋಜನ್ ಬೇಡ, ಕ್ಯಾಟಲಿಸ್ಟ್ ಬೇಡ. ಕೇಳೋಕೆ ಮಜಾ ಇಲ್ಲ, ಅಷ್ಟೇ.

ಸಿಂಧನೂರು_ಮಿಲ್
ಎಲ್ಲಾರ ಮಾತೂ ಅಪ್ಪಾರಿಗೆ ಓದಿ ಹೇಳಿದೆ. ಏಜೆಂಟ್‌ಗೂ ಫೋನ್ ಹಚ್ಚಿ ತಂಗಿ ಹೇಳಿದ ನಾಲ್ಕು ರಿಪೋರ್ಟ್ ಕೇಳಿದೆ. ರಿಪೋರ್ಟ್ ಬದಲಿಗೆ ವಿಡಿಯೋ ಕಳಿಸ್ಯಾನ. ಕರ್ರನ್ನ ಎಣ್ಣಿ ಒಂದು ತಾಟಿಗೆ ಸುರದು, ಕಡ್ಡಿ ಗೀರಿ ಹಚ್ತಾರ, ಭಗ್ ಅಂತ ಉರೀತೈತಿ. ಆಮ್ಯಾಲ ಅದನ್ನ ಡೀಸೆಲ್ ಜನರೇಟರ್‌ಗೆ ಹಾಕಿ ಓಡಿಸಿ ತೋರಿಸ್ಯಾರ. ಇದಕ್ಕೇನಂತೀರಿ?

ರಾಯಚೂರು_ಲ್ಯಾಬ್
ಕಡ್ಡಿ ಗೀರಿದ ತಕ್ಷಣ ಭಗ್ ಅಂತು ಅಂದರೆ ಅದು ಹೊಟ್ಟಿನ ಎಣ್ಣೆ ಆಗಿರೋದು ಕಷ್ಟ ಅಣ್ಣಾ. ನಮ್ಮ ಬಾಟಲಿಯದಕ್ಕೆ ಬೆಂಕಿ ತಾಗಿಸಿದರೆ ಮೊದಲು ನೀರು ಚಟಪಟ ಅನ್ನುತ್ತದೆ, ಹೊಗೆಯಾಡುತ್ತದೆ, ಕಡ್ಡಿ ಆರುತ್ತದೆ. ಕುಲುಮೆಯಲ್ಲಿ ಉರಿಸಬೇಕಾದರೂ ಮೊದಲು ಬೇರೆ ಇಂಧನದಲ್ಲಿ ಕುಲುಮೆ ಕಾಯಿಸಿಕೊಂಡು ಆಮೇಲೆ ಇದನ್ನು ಸಿಂಪಡಿಸಬೇಕು.

ಪಂಪ್_ನಾಝಲ್ (ಗಂಗಾವತಿ)
ವಿಡಿಯೋ ನನಗೂ ಫಾರ್ವರ್ಡ್ ಮಾಡಿದ್ರು, ನೋಡಿದೆ. ಆ ಕರಿ ಹೊಗಿ ನೋಡಿದ್ರ ಅದು ಟೈರ್ ಎಣ್ಣಿ ಇರಬೇಕು. ಹಳೇ ಟೈರ್ ಬೇಯಿಸಿ ತೆಗೀತಾರಲ್ಲ, ಅದು.

ಕುಡಿತಿನಿ_ಕೆಮಿಕಲ್
ನನ್ನ ಅನುಮಾನವೂ ಅದೇ. ಟೈರೂ ಅದೇ ರೀತಿ ಪೈರಾಲಿಸಿಸ್, ಯಂತ್ರವೂ ಹೊರಗಿನಿಂದ ಒಂದೇ ಥರ ಕಾಣುತ್ತೆ. ಆದರೆ ರಬ್ಬರ್ ಅಂದರೆ ಇಂಗಾಲ, ಹೈಡ್ರೋಜನ್, ಮೇಲೆ ಗಂಧಕ. ಆಕ್ಸಿಜನ್ ಇಲ್ಲದ್ದರಿಂದ ಎಣ್ಣೆ ಡೀಸೆಲ್‌ಗೆ ಬೆರೆಯುತ್ತೆ, ಉರಿಯುತ್ತೆ, ಹಳೇ ಜನರೇಟರ್ ಓಡುತ್ತೆ ಕೂಡ. ಅದನ್ನು ತೋರಿಸಿ ಹೊಟ್ಟಿನ ಮಷಿನ್ ಮಾರ್ತಾರೆ. ಟೈರ್ ಎಣ್ಣೆಯೂ ವಾಹನಕ್ಕೆ ಹಾಕುವ ಹಾಗಿಲ್ಲ. ಈಗಿನ ಹೊಗೆ ಮಾನಕವಾದ ಬಿಎಸ್-6 ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಭಾಗ ಮೀರಬಾರದು, ಸೀಟೇನ್ ಸಂಖ್ಯೆ (ಇಂಜಿನ್ನಿನಲ್ಲಿ ಎಷ್ಟು ಬೇಗ ಹೊತ್ತಿಕೊಳ್ಳುತ್ತೆ ಅನ್ನೋ ಅಳತೆ) ಕನಿಷ್ಠ 51. ಆ ಮಾನಕಕ್ಕೆ ಹೊಂದದ್ದನ್ನು ಡೀಸೆಲ್ ಅಂತ ಮಾರಿದರೆ ಜೈಲಿನ ಮಾತು ಬರುತ್ತೆ, ಮಷಿನ್ ಮಾರಿದವನಿಗಲ್ಲ, ನಿಮಗೆ.

ನಿರ್ವಾಹಕ
'ಗ್ರೀನ್ ಎನರ್ಜಿ ಡೀಲರ್' ಹೆಸರಲ್ಲಿ ಬಂದ ಫೋನ್ ನಂಬರ್ ಇದ್ದ ಪೋಸ್ಟ್ ತೆಗೆದಿದ್ದೇವೆ. ಚರ್ಚೆಯಲ್ಲಿ ಭಾಗವಹಿಸೋದಾದರೆ ಮೇಲಿನ ಪ್ರಶ್ನೆಗಳಿಗೆ ಇಲ್ಲೇ ಉತ್ತರ ಬರೆಯಬಹುದು.

ಜಾಲಿಗಿಡ
ಬರೀತಾರೆ, ಕಾಯ್ತಾ ಇರಿ.

ಸಿಂಧನೂರು_ಮಿಲ್
ಏಜೆಂಟ್‌ಗೆ ಖಡಾಖಂಡಿತ ಹೇಳೀನಿ. ನಮ್ಮ ಹೊಟ್ಟು ನಾವೇ ಚೀಲದಾಗ ತುಂಬ್ಕೊಂಡು ನಿಮ್ಮ ಡೆಮೊ ಜಾಗಕ್ಕ ಬರ್ತೀವಿ. ಖಾಲಿ ಮಷಿನ್ ಮೊದಲು ತೆಗೆದು ತೋರಿಸ್ರಿ, ನಮ್ಮ ಕಣ್ಣ ಮುಂದ ಓಡಸ್ರಿ, ಬಂದ ಎಣ್ಣಿ ನಾವೇ ತುಂಬ್ಕೊಂಡು ಹೊಕ್ಕೀವಿ ಅಂದೆ. ಮಾಲೀಕರನ್ನ ಕೇಳಿ ಹೇಳ್ತೀನಿ ಅಂದ. ತಮ್ಮನ ಹುರುಪು ಸ್ವಲ್ಪ ಇಳದೈತಿ, ಈಗ ಪೆಲೆಟ್ ಮಷಿನ್ ರೇಟ್ ಹುಡುಕಾಕ ಹತ್ಯಾನ. ತಂಗಿ, ಎಣ್ಣಿ ಸಿಕ್ಕರ ನಿಮ್ಮ ಕಡೆ ಟೆಸ್ಟ್ ಮಾಡಿಕೊಡ್ತೀರೇನು?

ರಾಯಚೂರು_ಲ್ಯಾಬ್
ನಮ್ಮ ಗೈಡ್ ಹತ್ತಿರ ಅನುಮತಿ ಕೇಳ್ತೀನಿ ಅಣ್ಣಾ, ನೀರು ಮತ್ತು ಪಿಎಚ್ ನೋಡಲು ತೊಂದರೆ ಆಗಲಿಕ್ಕಿಲ್ಲ. ಅರ್ಧ ಲೀಟರ್ ಸಾಕು. ಗಾಜಿನ ಬಾಟಲಿಯಲ್ಲೇ ತನ್ನಿ, ತಗಡಿನ ಡಬ್ಬ ಬೇಡ. ಪೂರ್ತಿ ತುಂಬಬೇಡಿ, ಬಿಸಿಲಿಗೆ ಇಡಬೇಡಿ. ಯಾವ ದಿನ ತೆಗೆದದ್ದು ಅಂತ ಚೀಟಿ ಅಂಟಿಸಿ.

ಪಂಪ್_ನಾಝಲ್ (ಗಂಗಾವತಿ)
ಹೋಗೋ ದಿನ ನನಗೂ ಹೇಳ್ರಿ ಸೌಕಾರ್ರ, ನಾನೂ ಬರ್ತೀನಿ. ಗುಜರಿಗೆ ಹಾಕಬೇಕಂತ ಇಟ್ಟ ನಾಝಲ್ ಒಂದೆರಡು ಅದಾವ, ಆ ಎಣ್ಣ್ಯಾಗ ಅದ್ದಿ ಬಿಡೋಣು.